ಲೇಡಿ ಸ್ನೀರ್‌ವೆಲ್ ಆಗಲಿರುವ ಪುಟ್ಟಿಗೆ

ಸರಸ್ವತೀಪುರಂ, ಮೈಸೂರು
ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಅನಂತ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಕಾಗದ ಮೊನ್ನೆ ಕೈಸೇರಿತು. ಮಂಡ್ಯದ ನಿಮ್ಮ ಕಾಲೇಜಿನಲ್ಲಿ ಶೆರಿಡನ್ನನ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’ ಎಂಬ ಇಂಗ್ಲಿಷ್ ನಾಟಕವನ್ನು ಕನ್ನಡಕ್ಕೆ ತಂದು ಆಡಲಿದ್ದಾರೆ, ಅದರಲ್ಲಿ ನಿನಗೆ ಲೇಡಿ ಸ್ನೀರ್‌ವೆಲ್ಲಳ ಪಾತ್ರ ಸಿಕ್ಕಿದೆ ಎಂದು ಓದಿ ಬಹಳ ಸಂತೋಷವಾಯಿತು. ಮದುವೆಗೆ ಬಂದ ಹುಡುಗಿ ಹತ್ತು ಜನರೆದುರು ಮನೆಮುರುಕಿಯ ವೇಷ ಕಟ್ಟುವುದೇ ಎಂದು ನಿನ್ನ ಅಮ್ಮ ಬೇಸರಪಟ್ಟುಕೊಂಡಿದ್ದಾಳಂತೆ. ಆಕೆಯೊಡನೆ ನಾನು ಮಾತನಾಡುತ್ತೇನೆ, ಆ ಚಿಂತೆ ನಿನಗೆ ಬೇಡ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಗದದ ಕೊನೆಯಲ್ಲಿ ನೀನು ಸಣ್ಣ ಅಕ್ಷರದಲ್ಲಿ ಬರೆದ ಸಾಲು. ಅವಳು ಕೆಟ್ಟವಳೆಂದು ಗೊತ್ತಿದ್ದೂ ಒಳ್ಳೆಯವಳಾದ ಮರಿಯಾಗಿಂತ ಅವಳೇ ನನಗೆ ಇಷ್ಟವಾಗುತ್ತಾಳೆ, ಇದು ತಪ್ಪೇ ಎಂದು ಕೇಳಿದ್ದೀಯೆ.

ತಪ್ಪಲ್ಲ ಮಗಳೇ. ನಾನು ವರ್ಷಗಟ್ಟಲೆ ಈ ನಾಟಕವನ್ನು ಪಾಠ ಹೇಳಿದ್ದೇನೆ. ಮರಿಯಾಳ ಮಾತು ನೆನಪಿಟ್ಟುಕೊಂಡ ಒಬ್ಬ ವಿದ್ಯಾರ್ಥಿನಿಯನ್ನೂ ನಾನು ಕಾಣಲಿಲ್ಲ. ಆದರೆ ಆ ಇಷ್ಟ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನೀನು ಬಣ್ಣ ಹಚ್ಚುವ ಮೊದಲೇ ತಿಳಿದಿರಬೇಕು.

1777ರ ಮೇ 8ರಂದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಈ ನಾಟಕ ಮೊದಲು ರಂಗಕ್ಕೆ ಬಂದಾಗ ಶೆರಿಡನ್ನನಿಗೆ ಇಪ್ಪತ್ತೈದು ವರ್ಷ. (ಆಗ ನಮ್ಮ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಆಳ್ವಿಕೆಯಿತ್ತು, ನಾಟಕದ ಅಣ್ಣತಮ್ಮಂದಿರಾದ ಜೋಸೆಫ್, ಚಾರ್ಲ್ಸರ ತಂದೆಯ ಸೋದರ ಸರ್ ಆಲಿವರ್ ಹದಿನೈದು ವರ್ಷಕ್ಕೂ ಮೀರಿ ಹೊರಗಿದ್ದು ಐಶ್ವರ್ಯ ಹೊತ್ತು ಮರಳಿದ್ದು ನಮ್ಮ ಕಡೆಯ ದೇಶಗಳಿಂದಲೇ.) ಚಾಡಿಮಾತಿನ ವಿಷವನ್ನು ಆತ ಕಲ್ಪಿಸಿಕೊಂಡು ಬರೆದವನಲ್ಲ. ಐದು ವರ್ಷ ಮೊದಲು, ಎಲಿಜಬೆತ್ ಲಿನ್ಲಿ ಎಂಬ ಗಾಯಕಿಯೊಡನೆ ಆತ ಊರು ಬಿಟ್ಟು ಹೋದಾಗ, ಮ್ಯಾಥ್ಯೂಸ್ ಎಂಬುವನು ಬಾತ್ ನಗರದ ಪತ್ರಿಕೆಯಲ್ಲಿ ಶೆರಿಡನ್ನನನ್ನು ಸುಳ್ಳುಗಾರ, ದ್ರೋಹಿ ಎಂದು ಜರೆದು ಪ್ರಕಟಣೆ ಕೊಟ್ಟಿದ್ದನು. ಅದಕ್ಕಾಗಿ ಆತ ಆ ಮನುಷ್ಯನೊಡನೆ ಎರಡು ಬಾರಿ ಕತ್ತಿ ಹಿಡಿದು ಕಾದಾಡಬೇಕಾಯಿತು. ಹಾಗಾಗಿ ಈ ನಾಟಕದ ಮೊದಲ ಮಾತೇ ಪತ್ರಿಕೆಗೆ ಕಳುಹಿಸಿದ ಚಾಡಿಯ ತುಣುಕುಗಳನ್ನು ಕುರಿತದ್ದು ಎಂಬುದನ್ನು ನಾನು ಆಕಸ್ಮಿಕವೆಂದು ತಿಳಿದಿಲ್ಲ.

ಆ ಮೊದಲ ದೃಶ್ಯವನ್ನೇ ನೋಡು. ಲೇಡಿ ಸ್ನೀರ್‌ವೆಲ್ ಕನ್ನಡಿಯ ಮುಂದೆ ಅಲಂಕಾರಕ್ಕೆ ಕುಳಿತಿದ್ದಾಳೆ, ಸ್ನೇಕ್ ಎಂಬ ಬಾಡಿಗೆಯ ಬಂಟ ಪಕ್ಕದಲ್ಲಿ ಚಾಕೊಲೇಟು ಕುಡಿಯುತ್ತಿದ್ದಾನೆ. ಬರೆದವರು ಯಾರೆಂಬ ಗುರುತು ಹತ್ತದಂತೆ ಅಕ್ಷರ ಮರೆಸಿ ನಕಲು ಮಾಡಿದ್ದೇನೆ ಎಂದು ಅವನು ಒಪ್ಪಿಸುತ್ತಾನೆ. ನಮ್ಮ ಕಡೆ ಇದಕ್ಕೆ ಮೂಗರ್ಜಿ ಎನ್ನುತ್ತೇವೆ. ಇದೇ ಕಸುಬಿನ ಇನ್ನೊಬ್ಬ ಹೆಂಗಸನ್ನು ಹೊಗಳಿದ ಸ್ನೇಕ್, ಆದರೆ ಅವಳದ್ದು ಒರಟು ಕೈ, ನೀವಾದರೋ ಒಂದು ಮಾತಿನಲ್ಲಿ, ಒಂದು ನೋಟದಲ್ಲಿ ಮುಗಿಸಿಬಿಡುತ್ತೀರಿ ಎಂದು ಹೇಳಿದಾಗ ಅವಳು ಆ ಹೊಗಳಿಕೆಯನ್ನು ನಾಚದೆ ಸ್ವೀಕರಿಸುತ್ತಾಳೆ. ಬಳಿಕ ಯಾರೂ ಒತ್ತಾಯಿಸದೆ ತಾನೇ ಹೇಳಿಕೊಳ್ಳುತ್ತಾಳೆ: ಎಳೆಯ ಪ್ರಾಯದಲ್ಲಿ ಚಾಡಿಯ ನಾಲಗೆ ತನ್ನನ್ನು ಕಚ್ಚಿತು, ಅಂದಿನಿಂದ ಉಳಿದವರ ಹೆಸರನ್ನೂ ತನ್ನ ಹೆಸರಿನ ಮಟ್ಟಕ್ಕೆ ಇಳಿಸುವುದಕ್ಕಿಂತ ದೊಡ್ಡ ಸುಖ ತನಗೆ ಬೇರೊಂದಿಲ್ಲ.

ನಿನ್ನ ಮನಸ್ಸನ್ನು ಕದ್ದದ್ದು ಈ ಮಾತೇ ಎಂದು ನನಗೆ ತೋರುತ್ತದೆ. ಆ ನಾಟಕದಲ್ಲಿ ಪ್ರತಿಯೊಬ್ಬರೂ ತಮ್ಮ ಬಗ್ಗೆ ತಾವೇ ಒಂದು ಒಳ್ಳೆಯ ಕಥೆ ಕಟ್ಟಿಕೊಂಡಿದ್ದಾರೆ. ಜೋಸೆಫ್ ಸರ್ಫೇಸನ ಬಾಯಲ್ಲಿ ಸದಾ ನೀತಿವಾಕ್ಯ, ಮಿಸೆಸ್ ಕ್ಯಾಂಡರ್ ಅಯ್ಯೋ ಪಾಪ ಎನ್ನುತ್ತಲೇ ಊರಿನವರ ಮಾನ ಕಳೆಯುವವಳು. ಲೇಡಿ ಸ್ನೀರ್‌ವೆಲ್ ಮಾತ್ರ ತಾನು ಏನು ಮಾಡುತ್ತಿದ್ದೇನೆ, ಏಕೆ ಮಾಡುತ್ತಿದ್ದೇನೆ ಎಂಬುದನ್ನು ಚೆನ್ನಾಗಿ ಬಲ್ಲಳು. ಗಂಡ ಬಿಟ್ಟುಹೋದ ಆಸ್ತಿಯುಂಟು, ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ, ತನಗೆ ಬೇಕಾದವನು ಮರಿಯಾ ಮೆಚ್ಚಿದ ಚಾರ್ಲ್ಸ್ ಎಂಬುದೂ ಸ್ಪಷ್ಟವಾಗಿದೆ. ಹೆಣ್ಣುಮಕ್ಕಳು ತಮಗೇನು ಬೇಕೆಂದು ಹೇಳುವುದೇ ಅಪರೂಪವಾದ ಕಡೆ ಬೆಳೆದವರಿಗೆ ಇಂಥವಳನ್ನು ಕಂಡರೆ ಕಣ್ಣು ಅರಳುತ್ತದೆ. ನನಗೂ ಅರಳಿತ್ತು. ಕುವೆಂಪು ಅವರು ಇದೇ ಮೈಸೂರಿನಲ್ಲಿ ಕುಳಿತು ರಾಮಾಯಣವನ್ನು ಹೊಸದಾಗಿ ಬರೆದಾಗ ಮಂಥರೆಯನ್ನು ‘ಮಮತೆಯ ಸುಳಿ’ ಎಂದು ಕರೆದರು. ಕೈಕೆ ಭರತರ ಮೇಲಿನ ಪ್ರೀತಿಯೇ ಅವಳನ್ನು ಸುಳಿಯಾಗಿಸಿತು. ಲೇಡಿ ಸ್ನೀರ್‌ವೆಲ್ಲಳಿಗೆ ಅಂಥ ಮಮತೆಯಿಲ್ಲ. ಅವಳದ್ದು ಗಾಯ, ಮತ್ತು ಆ ಗಾಯದ ರುಚಿ.

ಆ ರುಚಿಯನ್ನು ನಾನು ಬಲ್ಲೆನಾದ್ದರಿಂದ ಇಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ನಿನಗೆ ಬರೆಯುತ್ತಿದ್ದೇನೆ. ನನಗಾಗ ಇಪ್ಪತ್ತಮೂರು ವರ್ಷ. ಮೈಸೂರಿನಿಂದ ಮಂಡ್ಯಕ್ಕೆ ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಓಡಾಡಿಕೊಂಡು ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಒಂದು ಸಂಬಂಧ ಕೂಡಿಬಂದು, ನಿಶ್ಚಿತಾರ್ಥಕ್ಕೆ ದಿನ ನೋಡುವಷ್ಟರಲ್ಲಿ ಗಂಡಿನ ಮನೆಗೆ ಒಂದು ಮೂಗರ್ಜಿ ಹೋಯಿತು. ರೈಲಿನಲ್ಲಿ ನಾನು ಯಾರ ಪಕ್ಕದಲ್ಲಿ ಕುಳಿತು ಬರುತ್ತೇನೆ ಎಂದು ಅದರಲ್ಲಿ ಬರೆದಿತ್ತು. ಸಂಬಂಧ ಮುರಿಯಿತು. ಬರೆದದ್ದು ನಮ್ಮ ವಠಾರದಲ್ಲೇ ಇದ್ದ ಒಬ್ಬ ಹೆಂಗಸು ಎಂಬುದು ಆರು ತಿಂಗಳ ಮೇಲೆ ತಿಳಿಯಿತು. ಎರಡು ವರ್ಷಗಳ ನಂತರ ಆಕೆಯ ಮಗಳನ್ನು ನೋಡಿಹೋದವರು, ಹುಡುಗಿ ಹೇಗೆ ಎಂದು ವಿಚಾರಿಸಲು ನಮ್ಮ ಮನೆಯ ಬಾಗಿಲಿಗೇ ಬಂದರು. ನಾನು ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನನ್ನೇಕೆ ಕೇಳುತ್ತೀರಿ, ಬೇರೆ ಕಡೆಯೂ ವಿಚಾರಿಸಿಕೊಳ್ಳಿ’ ಎಂದೆ. ಅಷ್ಟೇ ಸಾಕಾಯಿತು. ಆ ರಾತ್ರಿ ನನಗಾದ ಸಂತೋಷದಂಥದ್ದನ್ನು ಅಲ್ಲಿಯವರೆಗೆ ನಾನು ಅನುಭವಿಸಿರಲಿಲ್ಲ. ಮರುದಿನ ಸಂಜೆ ಆ ಹುಡುಗಿ ಎಂದಿನಂತೆ ಇಂಗ್ಲಿಷ್ ಪುಸ್ತಕ ಹಿಡಿದು ಪಾಠ ಹೇಳಿಸಿಕೊಳ್ಳಲು ಬಂದಳು, ನನ್ನ ಪಕ್ಕದಲ್ಲೇ ಕುಳಿತಳು. ಅವಳಿಗೆ ನಾನು ಇಂದಿಗೂ ಹೇಳಿಲ್ಲ.

ಆದುದರಿಂದ ನಿನ್ನಲ್ಲಿ ನನ್ನ ಮೊದಲ ವಿನಂತಿ: ಹುಬ್ಬು ಕುಣಿಸಿ, ಅಟ್ಟಹಾಸ ಮಾಡಿ ಅವಳನ್ನು ದೂರದಿಂದಲೇ ಗುರುತು ಹತ್ತುವ ರಾಕ್ಷಸಿಯಾಗಿ ಮಾಡಬೇಡ. ಆ ಸುಖ ನಿಜವಾದ ಸುಖ. ನೀನು ಅದನ್ನು ಮೆಲುದನಿಯಲ್ಲಿ, ಮನೆಗೆ ಬಂದವರಿಗೆ ಕಾಫಿ ಕೊಡುವಷ್ಟು ಸಹಜವಾಗಿ ತೋರಿಸಿದರೆ ನೋಡುವವರು ಮೊದಲು ನಿನ್ನೊಡನೆ ನಗುತ್ತಾರೆ, ಆಮೇಲೆ ತಾವು ನಕ್ಕದ್ದಕ್ಕೆ ಬೆಚ್ಚುತ್ತಾರೆ. ಮೂರನೆಯ, ನಾಲ್ಕನೆಯ ಅಂಕಗಳಲ್ಲಿ ಅವಳು ರಂಗಕ್ಕೆ ಬರುವುದಿಲ್ಲ. ಆ ಹೊತ್ತಿನಲ್ಲಿ ಸೈಡ್ ವಿಂಗಿನಲ್ಲಿ ಗೆಳತಿಯರೊಡನೆ ಹರಟಬೇಡ, ನಾಟಕವನ್ನು ನೋಡು. ಜೋಸೆಫನ ಕೋಣೆಯಲ್ಲಿ ಮರೆಗೆ ನಿಲ್ಲಿಸಿದ ಪರದೆ ಉರುಳಿಬಿದ್ದು, ಅದರ ಹಿಂದೆ ಅಡಗಿದ್ದ ಲೇಡಿ ಟೀಜಲ್, ಮುದುಕ ಸರ್ ಪೀಟರನ ಎಳೆಯ ಹೆಂಡತಿ, ಎಲ್ಲರ ಕಣ್ಣಿಗೆ ಬೀಳುವುದು ಆಗಲೇ. ಚಾರ್ಲ್ಸನನ್ನೂ ಮರಿಯಾಳನ್ನೂ ಅಗಲಿಸಲು ಲೇಡಿ ಸ್ನೀರ್‌ವೆಲ್ ಎಷ್ಟು ಜಾಣತನದಿಂದ ಹೆಣೆದರೂ ಅವಳ ಬಲೆಯ ಒಂದು ತುದಿ ಜೋಸೆಫನ ಕೈಯಲ್ಲಿ, ಇನ್ನೊಂದು ತುದಿ ಸ್ನೇಕನ ಕೈಯಲ್ಲಿ. ಒಬ್ಬ ತನ್ನ ಆಸೆಬುರುಕತನದಿಂದ ಕೆಡಿಸಿದನು. ಇನ್ನೊಬ್ಬ, ಸುಳ್ಳಿಗೆ ನೀವು ಕೊಟ್ಟದ್ದರ ಎರಡರಷ್ಟನ್ನು ನಿಜ ಹೇಳುವುದಕ್ಕೆ ಇವರು ಕೊಡುತ್ತೇವೆ ಎಂದಿದ್ದಾರೆ ಎಂದು ಎಲ್ಲರೆದುರೇ ಹೇಳಿಬಿಟ್ಟನು. ಆ ಕ್ಷಣದಲ್ಲಿ ಅವಳಿಗೆ ಸಿಟ್ಟಿಗಿಂತ ಮೊದಲು ಒಂಟಿತನ ತಟ್ಟಬೇಕು ಎಂದು ನನ್ನ ಎಣಿಕೆ. ಅವಳ ಪರವಾಗಿ ಆಡಲು ಆ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಇನ್ನು ಅವಳ ನಿರ್ಗಮನದ ಮಾತು. ಮುದುಕ ಗಂಡನ ಕೈಹಿಡಿದ ಲೇಡಿ ಟೀಜಲ್ಲಳಿಗೆ ಅವಳು ಹಾಕುವ ಶಾಪ, ನಿನ್ನ ಗಂಡ ಇನ್ನೂ ಐವತ್ತು ವರ್ಷ ಬದುಕಿರಲಿ ಎಂಬುದು. ಅಲ್ಲಿ ಅದು ಕಟುವಾದ ಶಾಪ. ನಮ್ಮಲ್ಲಿ ಅದೇ ಮಾತು ಮುತ್ತೈದೆಯರಿಗೆ ಹಿರಿಯರು ಮಾಡುವ ಆಶೀರ್ವಾದ. ನಿಮ್ಮ ನಿರ್ದೇಶಕರು ಇದನ್ನು ಬದಲಾಯಿಸಬೇಕೆಂದಿದ್ದಾರೆ ಎಂದು ಬರೆದಿದ್ದೀಯೆ. ದಯವಿಟ್ಟು ಬೇಡವೆಂದು ವಿನಯದಿಂದ ಹೇಳು. ಗಂಡನನ್ನು ಕಳೆದುಕೊಂಡು ಸ್ವತಂತ್ರಳಾದ ಹೆಣ್ಣೊಬ್ಬಳು ಹಿರಿಯರು ಹರಸುವ ಧಾಟಿಯಲ್ಲೇ, ಕೈ ಎತ್ತಿ, ಆ ಮಾತನ್ನು ನಿಧಾನವಾಗಿ ಹೇಳಲಿ. ಮಂಡ್ಯದ ಜನ ಮೊದಲು ಅದನ್ನು ಆಶೀರ್ವಾದವೆಂದೇ ಕೇಳಿಸಿಕೊಳ್ಳುತ್ತಾರೆ. ಅದು ಶಾಪವೆಂದು ಅವರಿಗೆ ಹೊಳೆಯುವ ಹೊತ್ತಿಗೆ ನೀನು ಬಾಗಿಲು ದಾಟಿರಬೇಕು.

ಮೊದಲ ದೃಶ್ಯಕ್ಕೆ ಉಡಲು ನನ್ನ ಕಡುನೀಲಿ ಮೈಸೂರು ರೇಷ್ಮೆ ಸೀರೆಯನ್ನು ತೆಗೆದಿಟ್ಟಿದ್ದೇನೆ, ಮುಂದಿನ ಶನಿವಾರ ಬಂದು ತೆಗೆದುಕೊಂಡು ಹೋಗು. ಪ್ರದರ್ಶನದ ದಿನ ಗೊತ್ತಾದ ಕೂಡಲೇ ತಿಳಿಸು. ನಿನ್ನ ಅಮ್ಮನನ್ನು ನಾನೇ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ