ಆಶ್ರಯ ಕೇಂದ್ರವೇ ಅವರ ವಿಳಾಸವಾಗಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣ, ರೈಲು ನಿಲ್ದಾಣ, ಸೂಪರ್ ಮಾರ್ಕೆಟ್‌ನ ಅಂಗಡಿ ಕಟ್ಟೆಗಳು, ಖ್ವಾಜಾ ಬಂದೇನವಾಜ್ ದರ್ಗಾ ಹಾಗೂ ಶರಣಬಸವೇಶ್ವರ ಗುಡಿಯ ಆಸುಪಾಸಿನಲ್ಲಿ ರಾತ್ರಿ ಕಳೆಯುವ ಜನರ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಬಹುತೇಕ ಚಳಿಗಾಲದಲ್ಲಿ, ಕಂಬಳಿ ಹಂಚಿದ ಚಿತ್ರದ ಜೊತೆಗೆ. ಕಂಬಳಿ ಕೊಟ್ಟವರ ಮೇಲೆ ನನಗೆ ಗೌರವವಿದೆ. ಆದರೆ ಹಾಗೆ ಕಂಬಳಿ ಪಡೆದವರಲ್ಲಿ ಕೆಲವರು ಇಂದು ದುಡಿದು, ಬಾಡಿಗೆ ಕೊಟ್ಟು, ಸ್ವಂತ ಬೀಗದ ಕೈ ಇಟ್ಟುಕೊಂಡು ಬದುಕುತ್ತಿದ್ದಾರೆ. ಅದು ಹೇಗೆ ಸಾಧ್ಯವಾಯಿತು ಎಂಬುದು ಎಲ್ಲಿಯೂ ವರದಿಯಾಗಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಬ್ಯಾಂಕ್ ನೌಕರ. ನಗರದಲ್ಲಿ ವಸತಿರಹಿತರಿಗಾಗಿ ಆಶ್ರಯ ಕೇಂದ್ರ ನಡೆಸುವ ಸ್ಥಳೀಯ ಸೇವಾ ಸಂಸ್ಥೆಯೊಂದರಲ್ಲಿ ಕಾಗದಪತ್ರಗಳ ಕೆಲಸಕ್ಕೆ ನೆರವಾಗುತ್ತಿದ್ದೇನೆ. ಅಲ್ಲಿನ ಮೇಲ್ವಿಚಾರಕರು ಬಂದವರ ವಿವರವನ್ನು ಉದ್ದನೆಯ ದಫ್ತರದಲ್ಲಿ ಬರೆದಿಡುತ್ತಾರೆ. ಹೆಸರು, ಊರು, ವಯಸ್ಸು ಆದ ಮೇಲೆ ಅವರು ತಾವೇ ಗೆರೆ ಎಳೆದು ಸೇರಿಸಿಕೊಂಡ ಒಂದು ಕಲಂ ಇದೆ: ‘ಮಾಡಬಲ್ಲ ಕೆಲಸ’. ಗೌಂಡಿ, ಹಮಾಲಿ, ರೊಟ್ಟಿ ಬಡಿಯುವುದು, ಬೇಳೆ ಹಸನು ಮಾಡುವುದು, ಟೈಲರ್, ಕ್ಲೀನರ್ ಎಂದು ಆ ಕಲಮಿನ ತುಂಬ ಕಸುಬುಗಳೇ ಇವೆ. ಬೀದಿಯಲ್ಲಿ ಮಲಗುವವರೆಲ್ಲ ಭಿಕ್ಷುಕರು ಎಂದು ತಿಳಿದವರು ಆ ದಫ್ತರವನ್ನೊಮ್ಮೆ ನೋಡಬೇಕು.

ಧಾನ್ಯದ ಪೇಟೆಯಾದ ಗಂಜ್‌ನಲ್ಲಿ ತೊಗರಿ ಚೀಲ ಹೊರುತ್ತಿದ್ದ ಒಬ್ಬರು ಬೆನ್ನಿಗೆ ಪೆಟ್ಟಾಗಿ ಕೆಲಸ ಬಿಡಬೇಕಾಯಿತು. ಬಾಡಿಗೆ ಕಟ್ಟಲಾಗದೆ ಕೋಣೆ ಬಿಟ್ಟರು. ರೈಲು ನಿಲ್ದಾಣದಲ್ಲಿ ಮಲಗಿದ್ದಾಗ ಆಧಾರ್ ಕಾರ್ಡ್, ಮೊಬೈಲ್ ಇದ್ದ ಚೀಲ ಕಳುವಾಯಿತು. ಕೇಂದ್ರಕ್ಕೆ ಬಂದ ದಿನ ಅವರು ನನ್ನೊಂದಿಗೆ ಆಡಿದ ಮಾತು ಇದು: “ಸಾಹೇಬ್ರ, ಊಟ ಎಲ್ಲ್ಯಾರ ಸಿಗ್ತದ್ರಿ. ನನಗೊಂದು ಕಾರ್ಡ್ ಮಾಡ್ಸಿ ಕೊಡ್ರಿ, ಕಾರ್ಡ್ ಇಲ್ಲಂದ್ರ ಯಾರೂ ಕೆಲಸಕ್ಕ ಇಟ್ಕೊಳ್ಳಲ್ರಿ.” ದಾಸೋಹದ ನಾಡಾದ ಇಲ್ಲಿ ಹಸಿದವನಿಗೆ ಅನ್ನ ಸಿಗುತ್ತದೆ ಎಂಬುದು ನಿಜ. ಆದರೆ ಕಾರ್ಡ್ ಇಲ್ಲದವನಿಗೆ ಕಾವಲುಗಾರನ ಕೆಲಸವಿಲ್ಲ, ಸಿಮ್ ಇಲ್ಲ, ಬಾಡಿಗೆ ಮನೆಯೂ ಇಲ್ಲ. ಕಾರ್ಡ್ ಮಾಡಿಸಲು ಹೋದರೆ ವಿಳಾಸದ ಪುರಾವೆ ಎಲ್ಲಿ ಎಂದು ಕೇಳುತ್ತಾರೆ. ವಸತಿಯಿಲ್ಲದವರು ವರ್ಷಗಟ್ಟಲೆ ಸಿಕ್ಕಿಬೀಳುವುದು ಇಲ್ಲಿಯೇ.

ಸಂಸ್ಥೆ ಮಾಡಿದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಒಮ್ಮೆ ಆಧಾರ್ ಪಡೆದವರು ಹೊಸದಾಗಿ ನೋಂದಾಯಿಸಲು ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ. ಹಳೆಯ ಸಂಖ್ಯೆಯನ್ನೇ ಹುಡುಕಿಸಬೇಕು. ಚೀಲ ಹೊತ್ತು ಇವರ ಬೆರಳಿನ ಗೆರೆಗಳು ಸವೆದಿದ್ದವು. ಯಂತ್ರ ಬೆರಳಚ್ಚನ್ನು ಒಪ್ಪಲಿಲ್ಲ. ಮೇಲ್ವಿಚಾರಕರು ಬೇಸರಿಸದೆ ಮತ್ತೆ ಕರೆದೊಯ್ದು ಕಣ್ಣಿನ ಪಾಪೆಯ ಮೂಲಕ ಸಂಖ್ಯೆ ತೆಗೆಸಿದರು. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಆಧಾರ್ ಪ್ರಾಧಿಕಾರವೇ ವಿಳಾಸದ ದಾಖಲೆಯಾಗಿ ಒಪ್ಪುತ್ತದೆ. ಅದರ ಮೇಲೆ ವಿಳಾಸ ಬದಲಾಯಿತು. ಈಗ ಅವರು ವಾಣಿಜ್ಯ ಮಳಿಗೆಯೊಂದರ ರಾತ್ರಿ ಕಾವಲುಗಾರರು. ಕೇಂದ್ರ ಬಿಟ್ಟ ಮೇಲೂ ಕೆಲವು ತಿಂಗಳು ಸಂಸ್ಥೆಯವರು ಅವರ ಕೋಣೆಗೆ ಹೋಗಿ ವಿಚಾರಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ಈ ವಿಚಾರಣೆ ಬಹಳ ಮುಖ್ಯ, ಏಕೆಂದರೆ ಒಂದು ತಿಂಗಳ ಸಂಬಳ ತಡವಾದರೂ ಇಂಥವರು ಪುನಃ ಪ್ಲಾಟ್‌ಫಾರ್ಮಿಗೆ ಮರಳುವ ಸಾಧ್ಯತೆ ಇರುತ್ತದೆ.

ಇನ್ನೊಬ್ಬ ತಾಯಿ ಆಳಂದ ತಾಲ್ಲೂಕಿನವರು, ವಿಧವೆ. ಮಡಚಿದ ಕಡೆ ಹರಿದು ನಾಲ್ಕು ತುಂಡಾಗಿದ್ದ ಪಡಿತರ ಚೀಟಿಯ ಜೆರಾಕ್ಸ್ ಒಂದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದರು. ಅವರ ಬಳಿ ಉಳಿದಿದ್ದ ದಾಖಲೆ ಅದೊಂದೇ. ಆ ತುಂಡುಗಳನ್ನು ಜೋಡಿಸಿ ಓದಿದ ಸಂಖ್ಯೆಯ ಆಧಾರದಲ್ಲಿಯೇ ಅವರ ಹೆಸರು ಪತ್ತೆಯಾಗಿ, ಬಹುಕಾಲ ನಿಂತುಹೋಗಿದ್ದ ವಿಧವಾ ವೇತನ ಮತ್ತೆ ಆರಂಭವಾಯಿತು. ಅವರೀಗ ಇನ್ನಿಬ್ಬರು ಹೆಣ್ಣುಮಕ್ಕಳ ಜೊತೆ ಒಂದು ಖೋಲಿ ಹಿಡಿದು, ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದು ಕೊಡುತ್ತಿದ್ದಾರೆ.

ಬ್ಯಾಂಕ್ ಖಾತೆಯ ವಿಷಯವನ್ನು ನಾನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಯಾವ ದಾಖಲೆಯೂ ಇಲ್ಲದ ವ್ಯಕ್ತಿ ತನ್ನ ಭಾವಚಿತ್ರ ಕೊಟ್ಟು, ಬ್ಯಾಂಕ್ ಅಧಿಕಾರಿಯ ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ‘ಸಣ್ಣ ಖಾತೆ’ ತೆರೆಯಲು ನಿಯಮದಲ್ಲಿ ಅವಕಾಶವಿದೆ. ಅದರಲ್ಲಿ ಉಳಿಕೆ 50,000 ರೂಪಾಯಿ, ವರ್ಷದ ಜಮೆ 1 ಲಕ್ಷ ರೂಪಾಯಿ, ತಿಂಗಳಿಗೆ ಹಿಂಪಡೆಯುವ ಹಣ 10,000 ರೂಪಾಯಿ ಮೀರುವಂತಿಲ್ಲ. ಖಾತೆ 12 ತಿಂಗಳು ಚಾಲ್ತಿಯಲ್ಲಿರುತ್ತದೆ, ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೂ 12 ತಿಂಗಳು ಮುಂದುವರಿಯುತ್ತದೆ. ಕೂಲಿ ಹಣವನ್ನು ಉಳಿಸಿ ಬಾಡಿಗೆಯ ಮುಂಗಡಕ್ಕೆ ಸೇರಿಸಲು ಇಷ್ಟು ಸಾಕು. ಹೀಗಿದ್ದೂ ಶಾಖೆಯೊಂದರಲ್ಲಿ ನಮ್ಮ ಕೇಂದ್ರದವರನ್ನು ಕೌಂಟರಿನಿಂದಲೇ ಹೊರಗೆ ಕಳುಹಿಸಿದರು. ನಿಯಮ ತಿಳಿಯದ ನೌಕರರ ಮೇಲೆ ನನಗೆ ಸಿಟ್ಟಿಲ್ಲ. ತಿಳಿಸಬೇಕಾದವರು ತಿಳಿಸಿಲ್ಲ ಎಂಬ ನೋವಿದೆ. ಹೊದೆಯುವ ಬಟ್ಟೆಯೊಳಗೆ ನೋಟು ಮುಚ್ಚಿಟ್ಟುಕೊಂಡು ಮಲಗುವವನಿಗೆ ಆ ಖಾತೆ ಎಷ್ಟು ದೊಡ್ಡ ರಕ್ಷಣೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮತದಾರರ ಪಟ್ಟಿಯ ವಿಷಯವೂ ಹೀಗೆಯೇ. ಮನೆಯಿಲ್ಲದ ಅರ್ಹ ನಾಗರಿಕ ತಾನು ಮಲಗುವ ಜಾಗವನ್ನು ತಿಳಿಸಿ ಅರ್ಜಿ ಸಲ್ಲಿಸಿದರೆ, ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ವೇಳೆ ಭೇಟಿ ನೀಡಿ ಖಚಿತಪಡಿಸಿಕೊಂಡು ಹೆಸರು ಸೇರಿಸಬೇಕೆಂದು ಚುನಾವಣಾ ಆಯೋಗವೇ ಸೂಚಿಸಿದೆ. ಗುರುತಿನ ಚೀಟಿ ಸಿಕ್ಕರೆ ಮುಂದಿನ ಬಾಗಿಲುಗಳು ತೆರೆಯುತ್ತವೆ.

2013ರಲ್ಲಿ ಆರಂಭವಾಗಿ 2024ರಲ್ಲಿ ಅವಧಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಪ್ರತಿ 1 ಲಕ್ಷ ನಗರವಾಸಿಗಳಿಗೆ ಕನಿಷ್ಠ 100 ಜನರು ತಂಗಬಲ್ಲಷ್ಟು ಕಾಯಂ ಆಶ್ರಯ ಕೇಂದ್ರಗಳು ಇರಬೇಕಿತ್ತು. ಅವು ಹಗಲು ರಾತ್ರಿ ತೆರೆದಿರಬೇಕಿತ್ತು. ತಂಗುವವರಿಗೆ ಗುರುತಿನ ದಾಖಲೆ, ಅಂಚೆ ವಿಳಾಸ, ಪಿಂಚಣಿ, ಪಡಿತರ ದೊರಕಿಸಿಕೊಡುವ ಕೊಂಡಿಯೂ ಆಗಬೇಕಿತ್ತು. 2011ರ ಜನಗಣತಿಯಲ್ಲಿಯೇ ಕಲಬುರಗಿ ನಗರದ ಜನಸಂಖ್ಯೆ 5 ಲಕ್ಷ ದಾಟಿತ್ತು. ಆ ಲೆಕ್ಕದಲ್ಲಿ ಕನಿಷ್ಠ 500 ಜನರು ತಂಗಬಲ್ಲಷ್ಟು ಕೇಂದ್ರಗಳು ಈ ನಗರಕ್ಕೆ ಸಲ್ಲಬೇಕು. ಹಗಲು ತೆರೆದಿರಬೇಕು ಎಂಬ ಮಾತು ಬೇರೆಡೆಗಿಂತ ನಮಗೆ ಹೆಚ್ಚು ಅನ್ವಯಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಈ ಊರಿನಲ್ಲಿ ಜೀವಕ್ಕೆ ಕುತ್ತು ತರುವುದು ಚಳಿಗಿಂತ ಮಧ್ಯಾಹ್ನದ ಬಿಸಿಲು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ 3ರಷ್ಟು ಭಿಕ್ಷುಕರ ಉಪಕರವನ್ನೂ ಸಲ್ಲಿಸುತ್ತೇವೆ ಎಂಬುದನ್ನು ಇಲ್ಲಿ ನೆನಪಿಸಬಯಸುತ್ತೇನೆ. ದಿಕ್ಕಿಲ್ಲದವರಿಗಾಗಿ ಹಣ ಕೊಡಲು ನಾಗರಿಕರು ಹಿಂದೇಟು ಹಾಕಿಲ್ಲ.

ಮಹಾನಗರ ಪಾಲಿಕೆ ಮತ್ತು ಜಿಲ್ಲಾಡಳಿತದಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಆಶ್ರಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಆಧಾರ್ ಸಿಬ್ಬಂದಿ, ಬ್ಯಾಂಕ್ ಪ್ರತಿನಿಧಿ, ಪಿಂಚಣಿ ನೋಡಿಕೊಳ್ಳುವ ಕಂದಾಯ ನೌಕರರು ಮತ್ತು ಮತಗಟ್ಟೆ ಮಟ್ಟದ ಅಧಿಕಾರಿ ಒಂದೇ ಮೇಜಿನ ಸುತ್ತ ಕೂರುವಂತೆ ಏರ್ಪಾಡು ಮಾಡಬೇಕು. ಕೇಂದ್ರದ ಪ್ರಮಾಣಪತ್ರವನ್ನು ಎಲ್ಲ ಕಚೇರಿಗಳೂ ಒಪ್ಪಬೇಕೆಂದು ಸುತ್ತೋಲೆ ಹೊರಡಿಸಬೇಕು. ಕೇಂದ್ರಗಳನ್ನು ನಡೆಸುವ ಸಂಸ್ಥೆಗಳಿಗೆ ನಿರ್ವಹಣೆಯ ಹಣ ತಿಂಗಳುಗಟ್ಟಲೆ ಬಾಕಿ ಉಳಿಯದಂತೆ ನೋಡಿಕೊಳ್ಳಬೇಕು, ಏಕೆಂದರೆ ಮೇಲ್ವಿಚಾರಕರಿಗೇ ಸಂಬಳವಿಲ್ಲದಿದ್ದರೆ ಬೇರೆಯವರ ಕೋಣೆಗೆ ಹೋಗಿ ವಿಚಾರಿಸುವವರು ಯಾರು? ಅರ್ಜಿ ತುಂಬಿಕೊಡುವ ಕೆಲಸಕ್ಕೆ ನಾನು ಮತ್ತು ನನ್ನ ಕೆಲವು ನಿವೃತ್ತ ಸಹೋದ್ಯೋಗಿಗಳು ಸಿದ್ಧರಿದ್ದೇವೆ; ಪಾಲಿಕೆ ದಿನ ಗೊತ್ತುಪಡಿಸಿದರೆ ಬಂದು ಕೂರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ