ಯಾವ ದೇಶ ಅಂತ ಸಿದ್ದಿಗಳಿಗೇ ಕೇಳೋದಾ?

ಮಾನ್ಯರೇ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನ, ಅಂದ್ರೆ ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರ ವಂಶದವ್ರನ್ನ, ಇನ್ನೂ 'ಆಫ್ರಿಕಾದವ್ರು' ಅಂತ್ಲೇ ಕರೆಯೋದು ನಿಲ್ಬೇಕು. ಮೊನ್ನೆ ಯಲ್ಲಾಪುರದಿಂದ ಶಿರಸಿಗೆ ಬರೋ ಬಸ್ಸಲ್ಲಿ ಒಬ್ರು ಪಕ್ಕದ ಸೀಟಿನ ಸಿದ್ದಿ ಹುಡುಗಿಗೆ ಇಂಗ್ಲಿಷಲ್ಲಿ ಯಾವ ದೇಶ ಅಂತ ಕೇಳಿದ್ರು, ಅವಳು "ಇಲ್ಲೇ ಮಂಚಿಕೇರಿ, ನಿಮ್ದು ಯಾವೂರು" ಅಂತ ಅಚ್ಚ ಕನ್ನಡದಲ್ಲಿ ತಿರುಗಿ ಕೇಳಿದ್ಮೇಲೆ ಆಸಾಮಿ ಕಿಟಕಿ ಕಡೆ ಮುಖ ಮಾಡಿ ಕೂತ್ರು. ಗೋವಾದಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಈ ಕಾಡು ಸೇರಿದವರ ಸಂತತಿ ಅವ್ರಲ್ಲಿ ಬಹಳ ಇದೆ, ಹಿಂದೂ ಮುಸ್ಲಿಂ ಕ್ರಿಶ್ಚಿಯನ್ ಮೂರೂ ಧರ್ಮದವ್ರಿದ್ದಾರೆ. 2003ರಲ್ಲಿ ಎಸ್‌ಟಿ ಪಟ್ಟಿಗೆ ಸೇರಿಸಿದ್ದು ಸೌಲಭ್ಯಕ್ಕೆ ಬೇಕಾದ ಹೆಸರು, ಬಸ್ಸಲ್ಲಿ ನಾವು ಅಂಟಿಸೋ ಹಣೆಪಟ್ಟಿ ಬೇರೆ. ಜಿಲ್ಲೆಯ ಶಾಲೆಗಳಲ್ಲಿ ಒಂದು ಪೀರಿಯಡ್ ಆದ್ರೂ ಈ ಕತೆ ಹೇಳ್ಲಿ, ಸಿದ್ದಿ ಹಿರಿಯರನ್ನೇ ಕರೆಸಿ ಹೇಳ್ಸಿದ್ರೆ ಇನ್ನೂ ಚೊಲೋ.

– ಓದುಗ, ಶಿರಸಿ