ಡ್ಯಾನ್‌ವಿಲ್‌ನಿಂದ ಅಪ್ಪಾಜಿಗೆ

ಡ್ಯಾನ್‌ವಿಲ್, ವರ್ಜೀನಿಯಾ
ಭಾನುವಾರ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಅವ್ವನಿಗೂ ಇದೇ ಪತ್ರ. ಕನ್ನಡಕ ಸಿಗದಿದ್ದರೆ ನೀವೇ ಓದಿ ಹೇಳಿ.

ಮೊನ್ನೆ ಫೋನಿನಲ್ಲಿ, ದೀಪಾವಳಿ ಕಳೆದ ಮೇಲೆ ಗ್ಯಾರೇಜ್ ಮುಚ್ಚುತ್ತೇನೆ ಎಂದಿರಿ. ಅದಕ್ಕೆ ನನ್ನ ತಕರಾರಿಲ್ಲ. ಆ ಮೊಣಕಾಲು ಇಟ್ಟುಕೊಂಡು ಲಾರಿಯ ಅಡಿಗೆ ನುಸುಳುವುದು ಸಾಕೆಂದು ನಾನೂ ಅಣ್ಣನೂ ಎಷ್ಟು ಸಲ ಹೇಳಿಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಆಡಿದಿರಿ: "ನಲವತ್ತು ವರ್ಷ ಪಾನಾ ತಿರುವಿ ಏನು ಗಳಿಸಿದಂತಾಯಿತು?" ನನಗೆ ಬಾಯಿ ಕಟ್ಟಿಹೋಯಿತು. ಉತ್ತರ ಹೊಳೆದದ್ದು ಮರುದಿನ ಬೆಳಿಗ್ಗೆ, ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿರುವಾಗ. ಫೋನಿನಲ್ಲಿ ಹೇಳಹೊರಟರೆ ನೀವು "ಆಯ್ತು ಬಿಡು ತಾಯಿ" ಎಂದು ಮಾತು ಮುಗಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವ ಊರು ನಮ್ಮ ದಾವಣಗೆರೆಯ ಹಾಗೆಯೇ ಹತ್ತಿ ಗಿರಣಿಗಳಿಂದ ಬೆಳೆದದ್ದು ಎಂದು ಮೊದಲೇ ಹೇಳಿದ್ದೆ. ನದಿಯ ದಂಡೆಯಲ್ಲಿ ಸಾಲಾಗಿ ಗಿರಣಿಗಳಿದ್ದವು, ಜೊತೆಗೆ ಹೊಗೆಸೊಪ್ಪಿನ ಉಗ್ರಾಣಗಳು. ಗಿರಣಿಗಳು ಮುಚ್ಚಿದ ಮೇಲೆ ಊರು ಬಡಕಲಾಯಿತು. ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಊರಿನಲ್ಲಿ ವೆಂಡೆಲ್ ಸ್ಕಾಟ್ ಎಂಬ ಮೆಕ್ಯಾನಿಕ್ ಒಬ್ಬರಿದ್ದರು. ಅವರ ಹೆಸರಿನ ರಸ್ತೆ ಇಲ್ಲಿದೆ. 2013ರಲ್ಲಿ ಅವರ ಹೆಸರಿನಲ್ಲಿ ಸರ್ಕಾರದ ಸ್ಮಾರಕ ಫಲಕವನ್ನೂ ನಿಲ್ಲಿಸಿದ್ದಾರೆ. ಅದರ ಫೋಟೋ ಇದರೊಂದಿಗೆ ಇಟ್ಟಿದ್ದೇನೆ.

ಅವರು ಹುಟ್ಟಿದ್ದು 1921ರಲ್ಲಿ, ಕಪ್ಪು ಜನರ ಮನೆಯಲ್ಲಿ. ಗಿರಣಿಗೆ ಹೋಗಿ ಇನ್ನೊಬ್ಬರ ಕೈಕೆಳಗೆ ದುಡಿಯುವುದು ಅವರಿಗೆ ಬೇಡವಾಗಿತ್ತು. ಟ್ಯಾಕ್ಸಿ ಓಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಿ ಸೈನ್ಯದ ವಾಹನಗಳನ್ನು ರಿಪೇರಿ ಮಾಡಿದರು. ವಾಪಸ್ಸು ಬಂದು ಸ್ವಂತ ಗ್ಯಾರೇಜ್ ಹಾಕಿದರು. ಗ್ಯಾರೇಜಿನ ಆದಾಯ ಸಾಲದೆ ರಾತ್ರಿ ಹೊತ್ತು ಕಳ್ಳಬಟ್ಟಿ ಸಾಗಿಸುತ್ತಿದ್ದುದೂ ನಿಜ. ನಿಮಗೆ ಇದು ಹಿಡಿಸುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ಅವರು ರೇಸಿಗೆ ಬಂದದ್ದೇ ಆ ದಾರಿಯಿಂದ. 1952ರಲ್ಲಿ ಇಲ್ಲಿನ ರೇಸ್ ನಡೆಸುವವರಿಗೆ ಕಪ್ಪು ಜನರನ್ನೂ ನೋಡಲು ಕರೆಸಬೇಕೆಂಬ ಆಸೆ ಹುಟ್ಟಿತು. ಕಪ್ಪು ಜನರಲ್ಲಿ ಜೋರಾಗಿ ಕಾರು ಓಡಿಸುವವರು ಯಾರು ಎಂದು ಅವರು ವಿಚಾರಿಸಿದ್ದು ಪೊಲೀಸರ ಹತ್ತಿರ. ಬೆನ್ನಟ್ಟಿ ಬೆನ್ನಟ್ಟಿ ಸಾಕಾಗಿದ್ದ ಪೊಲೀಸರು ಸ್ಕಾಟ್ ಹೆಸರು ಹೇಳಿದರು. ಹಾಗೆ ಶುರುವಾದದ್ದು.

ಅವರು ಓಡಿಸುತ್ತಿದ್ದದ್ದು ಸ್ಟಾಕ್ ಕಾರ್. ಅದೆಂದರೆ ನೀವು ಟಿವಿಯಲ್ಲಿ ನೋಡುವ, ಚಕ್ರಗಳು ಹೊರಗೆ ಚಾಚಿಕೊಂಡಿರುವ ಕಾರಲ್ಲ ಅಪ್ಪಾಜಿ. ಆಗೆಲ್ಲ ಅದು ಅಂಗಡಿಯಲ್ಲಿ ಮಾರುವ ಕಾರಿನದೇ ಮೈಕಟ್ಟು. ಎಂಜಿನ್ ಬಿಚ್ಚಿ ಹದಮಾಡಿ, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಬೆಸೆದು ಅದನ್ನು ರೇಸಿಗೆ ಬಿಡುತ್ತಿದ್ದರು. ಆ ಕಾಲದಲ್ಲಿ ಸಣ್ಣ ಊರುಗಳ ಟ್ರ್ಯಾಕುಗಳೆಲ್ಲ ಬಹುಪಾಲು ಮಣ್ಣಿನವು. ಅದರ ಮೇಲೆ ಎಡಕ್ಕೆ ತಿರುಗುತ್ತ ಸುತ್ತು ಹಾಕುವುದು. ಗೆಲುವು ಅರ್ಧ ಓಡಿಸುವವನ ಕೈಯಲ್ಲಿದ್ದರೆ ಅರ್ಧ ಮೆಕ್ಯಾನಿಕ್ಕಿನ ಕೈಯಲ್ಲಿ. ಸ್ಕಾಟ್ ಎರಡೂ ತಾವೇ ಆಗಿದ್ದರು.

ಮೊದಮೊದಲು ಬಣ್ಣ ನೋಡಿ ಅವರನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದುಂಟು. ಛಲ ಬಿಡದೆ ಬೇರೆ ಟ್ರ್ಯಾಕುಗಳಲ್ಲಿ ಓಡಿಸಿದರು, ಗೆದ್ದರು. 1961ರಲ್ಲಿ, ಇಲ್ಲಿ ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ಸಂಸ್ಥೆಯಾದ ನ್ಯಾಸ್‌ಕಾರ್‌ನ ಅತಿ ದೊಡ್ಡ ದರ್ಜೆಗೆ ಏರಿದರು. ದೊಡ್ಡ ತಂಡಗಳಿಗೆ ಕಾರ್ ಕಂಪನಿಗಳ ದುಡ್ಡಿತ್ತು. ಇವರಿಗೆ ಇದ್ದದ್ದು ಹೆಂಡತಿ ಮೇರಿ ಮತ್ತು ಏಳು ಮಕ್ಕಳು. ಗಂಡುಮಕ್ಕಳಾದ ವೆಂಡೆಲ್ ಜೂನಿಯರ್ ಮತ್ತು ಫ್ರ್ಯಾಂಕ್ ಟೈರು ಬದಲಿಸುವುದು, ಪೆಟ್ರೋಲು ತುಂಬುವುದು ಮಾಡುತ್ತ ಬೆಳೆದರು. ಬೇರೆ ತಂಡದವರು ಬಳಸಿ ಬಿಟ್ಟ ಟೈರು, ಹಳೆಯ ಬಿಡಿಭಾಗ ಇವೇ ಇವರ ಬಂಡವಾಳ. ದಾರಿಯಲ್ಲಿ ಹೋಟೆಲುಗಳು ಕಪ್ಪು ಜನರಿಗೆ ಕೋಣೆ ಕೊಡುತ್ತಿರಲಿಲ್ಲ, ಊಟವನ್ನೂ ಹಾಕುತ್ತಿರಲಿಲ್ಲ. ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು, ಗಾಡಿಯಲ್ಲೇ ಮಲಗುತ್ತಿದ್ದರು.

ಈಗ ನಾನು ಹೇಳಬೇಕೆಂದಿದ್ದ ದಿನಕ್ಕೆ ಬರುತ್ತೇನೆ. 1963ರ ಡಿಸೆಂಬರ್ 1. ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು, 200 ಸುತ್ತು. ನಮ್ಮ ಮನೆಯಿಂದ ಧಾರವಾಡಕ್ಕೆ ಹೋದಷ್ಟು ದೂರ, ಒಂದೇ ಜಾಗದಲ್ಲಿ ಸುತ್ತುತ್ತ. ಸ್ಕಾಟ್ ಅವರದು 34ನೆಯ ನಂಬರಿನ ಷೆವ್ರೋಲೆಟ್, ಅದೂ ಇನ್ನೊಬ್ಬ ಚಾಲಕರಿಂದ ಕೊಂಡ ಹಳೆಯ ಕಾರು. ಇನ್ನು 25 ಸುತ್ತು ಇರುವಾಗ ರಿಚರ್ಡ್ ಪೆಟಿ ಎಂಬ ಹೆಸರಾಂತ ಚಾಲಕರ ಕಾರು ಸೊರಗಿತು, ಇವರು ದಾಟಿ ಮುಂದೆ ಹೋದರು. 200 ಸುತ್ತು ಮುಗಿಸಿದರೂ ಗೆಲುವಿನ ಬಾವುಟ ಬೀಸಲಿಲ್ಲ. ಬಾವುಟ ಬಿದ್ದದ್ದು ಬಕ್ ಬೇಕರ್ ಎಂಬ ಬಿಳಿಯ ಚಾಲಕರಿಗೆ. ಟ್ರೋಫಿ ಅವರ ಕೈಗೆ ಹೋಯಿತು. ಸ್ಕಾಟ್ ತಕರಾರು ಕೊಟ್ಟರು. ತಾಸುಗಟ್ಟಲೆ ಲೆಕ್ಕ ತಿರುವಿ ಹಾಕಿದ ಮೇಲೆ ಒಪ್ಪಿಕೊಂಡರು: ಸ್ಕಾಟ್ ಗೆದ್ದದ್ದಷ್ಟೇ ಅಲ್ಲ, ಎರಡು ಸುತ್ತು ಮುಂದಿದ್ದರು. ಅಷ್ಟರಲ್ಲಿ ಜನ ಮನೆಗೆ ಹೋಗಿಯಾಗಿತ್ತು. ಗೆದ್ದವನಿಗೆ ಮುತ್ತು ಕೊಡಲು ಅಲ್ಲಿ ಬಿಳಿಯ ಹುಡುಗಿಯೊಬ್ಬಳು ನಿಂತಿರುತ್ತಿದ್ದಳು, ಆ ದೃಶ್ಯವನ್ನು ತಪ್ಪಿಸಲೆಂದೇ ಹೀಗೆ ಮಾಡಿದರೆಂದು ಸ್ಕಾಟ್ ನಂಬಿದ್ದರು. ನನಗೂ ಬೇರೆ ಕಾರಣ ಕಾಣುವುದಿಲ್ಲ. ಬಹುಮಾನದ 1000 ಡಾಲರ್ ಬಂತು. ಟ್ರೋಫಿ ಎಂದು ತಿಂಗಳಾದ ಮೇಲೆ ಕೈಗಿಟ್ಟದ್ದು ಹೆಸರೂ ಕೆತ್ತಿರದ ಒಂದು ಮರದ ತುಂಡು.

ಅಂದು ಗೆದ್ದದ್ದು ಆ ದರ್ಜೆಯಲ್ಲಿ ಅವರ ಮೊದಲ ಗೆಲುವು, ಕೊನೆಯದೂ ಅದೇ. ಒಟ್ಟು 495 ರೇಸು ಓಡಿಸಿದರು ಅಪ್ಪಾಜಿ, ಒಂದೇ ಗೆಲುವು. ಆದರೆ 147 ಸಲ ಮೊದಲ ಹತ್ತರೊಳಗೆ ಬಂದರು. ಈ ಎರಡನೆಯ ಅಂಕಿಯ ಮುಂದೆ ನನ್ನ ಕಣ್ಣು ನಿಂತುಬಿಟ್ಟಿತು. ಗುಜರಿ ಟೈರಿನಲ್ಲಿ, ನಿದ್ದೆಗೆಟ್ಟ ಹುಡುಗರನ್ನು ಕಟ್ಟಿಕೊಂಡು, ಕಂಪನಿಯ ಕಾರುಗಳ ನಡುವೆ 147 ಸಲ! ಅಷ್ಟು ಸಲ ಆ ಎಂಜಿನ್ ನಡುದಾರಿಯಲ್ಲಿ ಕೈಕೊಡಲಿಲ್ಲ ಎಂದರೆ ಅದರ ಹಿಂದೆ ಎಂಥ ಕೆಲಸವಿತ್ತು ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ತಿಳಿಯುತ್ತದೆ.

1973ರಲ್ಲಿ ಅಲಬಾಮಾ ರಾಜ್ಯದ ಟಲಡೇಗಾ ಟ್ರ್ಯಾಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಒಂದಕ್ಕೊಂದು ಬಡಿದುಕೊಂಡವು. ಸಾಲ ಮಾಡಿ ತಂದಿದ್ದ ಕಾರು ನುಜ್ಜುಗುಜ್ಜಾಯಿತು, ಸ್ಕಾಟ್ ಅವರ ಮೂಳೆಗಳೂ ಮುರಿದವು. ಅಲ್ಲಿಗೆ ರೇಸು ಬಹುತೇಕ ಮುಗಿಯಿತು, ಗ್ಯಾರೇಜ್ ಉಳಿಯಿತು. 1990ರಲ್ಲಿ ತೀರಿಕೊಂಡರು. 2015ರಲ್ಲಿ ನ್ಯಾಸ್‌ಕಾರ್ ತನ್ನ ಹಾಲ್ ಆಫ್ ಫೇಮ್‌ನಲ್ಲಿ, ಅಂದರೆ ಸಾಧಕರ ಗೌರವ ಪಟ್ಟಿಯಲ್ಲಿ, ಅವರ ಹೆಸರು ಸೇರಿಸಿತು. ಆ ಜಾಕ್ಸನ್‌ವಿಲ್ ಗೆಲುವಿಗೆಂದು ಹೊಸದಾಗಿ ಮಾಡಿಸಿದ ಟ್ರೋಫಿಯನ್ನು ನ್ಯಾಸ್‌ಕಾರ್ ಮನೆಯವರ ಕೈಗೆ ಕೊಟ್ಟದ್ದು 2021ರ ಆಗಸ್ಟ್ 28ರಂದು. ಬದುಕಿದ್ದರೆ ಮರುದಿನ ಅವರಿಗೆ ನೂರು ತುಂಬುತ್ತಿತ್ತು.

ಇಲ್ಲಿನವರು ಈ ಕಥೆ ಹೇಳುವಾಗ ಟ್ರೋಫಿಯ ಅನ್ಯಾಯವನ್ನೇ ಮುಖ್ಯವಾಗಿ ಹೇಳುತ್ತಾರೆ. ಹೇಳಬೇಕಾದದ್ದೇ. ನನಗೆ ಮಾತ್ರ ಕಣ್ಣಿಗೆ ಕಟ್ಟುವುದು ಜಾಕ್ ಹಿಡಿದು ಟ್ರ್ಯಾಕಿನ ಪಕ್ಕದಲ್ಲಿ ಕಾಯುತ್ತಿದ್ದ ಆ ಹುಡುಗರು. ಅಪ್ಪ ಯಾವ ಸುತ್ತಿನಲ್ಲಿ ಒಳಗೆ ಬರುತ್ತಾನೋ, ಯಾವ ಚಕ್ರ ಬಿಚ್ಚಬೇಕೋ ಎಂದು ಕಣ್ಣು ಕೀಲಿಸಿ ನಿಂತವರು.

ಹರಿಹರದ ಸೇತುವೆಯ ಹತ್ತಿರ ಪುಣೆಗೆ ಹೊರಟಿದ್ದ ಮೆಕ್ಕೆಜೋಳದ ಲಾರಿ ಕೆಟ್ಟು ನಿಂತ ರಾತ್ರಿ ನೆನಪಿದೆಯೇ? ಅಣ್ಣನಿಗೆ ಜ್ವರ. ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಿರಿ, ನನಗಾಗ ಒಂಬತ್ತು ವರ್ಷ. ಟಾರ್ಚಿನ ಬೆಳಕಿಗೆ ಮುತ್ತಿದ ಹುಳುಗಳು ನನ್ನ ಮುಖಕ್ಕೆಲ್ಲ ಬಡಿಯುತ್ತಿದ್ದವು. "ಕೈ ಅಲುಗಿಸಬೇಡ ತಾಯಿ, ನೀನು ಅಲುಗಿದರೆ ನನಗೆ ಬೋಲ್ಟ್ ಕಾಣುವುದಿಲ್ಲ" ಎಂದಿರಿ. ನಾನು ಅಲುಗಲಿಲ್ಲ. ಹದಿನಾಲ್ಕು-ಹದಿನೈದು ಪಾನಾ ಕೇಳಿದಾಗ ನೋಡದೆಯೇ ತೆಗೆದು ಕೊಟ್ಟೆ. ಬೆಳಗಿನ ಜಾವ ಎಂಜಿನ್ ಶುರುವಾದಾಗ ನೀವು ಮೊದಲು ನೋಡಿದ್ದು ನನ್ನ ಮುಖವನ್ನು. ಡ್ರೈವರ್ ಬಾಕಿ ದುಡ್ಡನ್ನು ಬರುವಾಗ ಕೊಡುತ್ತೇನೆಂದು ಹೋದವನು ಮತ್ತೆ ಬರಲಿಲ್ಲವೆಂದು ಅವ್ವ ವರ್ಷಗಟ್ಟಲೆ ಬೈದಳು. ಈಗ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಗಂಟೆಗಟ್ಟಲೆ ಕೈ ನಡುಗದಂತೆ ಕೆಲಸ ಮಾಡುತ್ತೇನೆ. ಹೇಗೆ ಕಲಿತೆ ಎಂದು ಇಲ್ಲಿ ಕೇಳುತ್ತಾರೆ. ನಾನು ನಿಮ್ಮ ಹೆಸರು ಹೇಳುತ್ತೇನೆ.

ಗ್ಯಾರೇಜಿನ ಜಾಗ ಬಿಟ್ಟುಕೊಡಿ, ಜಾಕು, ಚೈನ್ ಎಲ್ಲ ಬೇಕಾದವರಿಗೆ ಮಾರಿ. ಆದರೆ ಆ ಮರದ ಪೆಟ್ಟಿಗೆಯನ್ನೂ ಅದರಲ್ಲಿರುವ ಪಾನಾಗಳನ್ನೂ ಯಾರಿಗೂ ಕೊಡಬೇಡಿ, ಅಣ್ಣ ಕೇಳಿದರೂ ಇಲ್ಲ. ಸಂಕ್ರಾಂತಿಗೆ ನಾವು ಬರುತ್ತಿದ್ದೇವೆ, ಟಿಕೆಟ್ ಆಗಿದೆ. ನಿಮ್ಮ ಹಳೆಯ ಸ್ಕೂಟರನ್ನು ಬಿಚ್ಚಿ ತೋರಿಸುತ್ತೀರೆಂದು ನಿಮ್ಮ ಮೊಮ್ಮಗನಿಗೆ ಮಾತು ಕೊಟ್ಟಿದ್ದೇನೆ. ಟಾರ್ಚ್ ತಾನೇ ಹಿಡಿಯುತ್ತಾನಂತೆ. ಹೊಸ ಸೆಲ್ ತಂದಿಟ್ಟಿರಿ.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಅವ್ವನಿಗೆ ನಮಸ್ಕಾರ.

ಇಂತಿ ನಿಮ್ಮ ಪ್ರೀತಿಯ ಮಗಳು